ಸಿಸ್ಟರ್‌ಗಳ ಶಿಲುಬೆ: ಒಬ್ಬರದು ಹೀಗೆ, ಇನ್ನೊಬ್ಬರದು ಹಾಗೆ ಯಾಕೆ?

ಪ್ರಶ್ನೆ: ನಮ್ಮತ್ತೆಯವರು ಕೆಲವು ವಾರ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿದ್ದರು. ಕ್ಯಾಥೊಲಿಕ್ ಸಿಸ್ಟರ್‌ಗಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಒಬ್ಬರ ಕೊರಳಲ್ಲಿ ಯೇಸುವಿನ ಮೂರ್ತಿ ಇರುವ ಶಿಲುಬೆ, ಇನ್ನೊಬ್ಬರದು ಬರಿಯ ಶಿಲುಬೆ. ರೋಗಿಗಳನ್ನು ಮಾತಾಡಿಸಲು ಬಂದ ಮದರ್ ತೆರೇಸಾ ಸಿಸ್ಟರ್ ಒಬ್ಬರು ಅದನ್ನು ಹೆಗಲ ಮೇಲೆ ಸೀರೆಗೇ ಪಿನ್ನು ಹಾಕಿಕೊಂಡಿದ್ದರು. ಮತ್ತೊಬ್ಬರಿಗೆ ಶಿಲುಬೆಯೇ ಇರಲಿಲ್ಲ, ಬೆರಳಲ್ಲಿ ಉಂಗುರ ಮಾತ್ರ. ಇದೆಲ್ಲ ದರ್ಜೆಯ ಗುರುತೇ? ಅದು ಅವರ ತಾಳಿ ಇದ್ದ ಹಾಗೆ ಎನ್ನುತ್ತಾರೆ ಅತ್ತೆ, ಸರಿಯೇ? ಮನೆಗೆ ಹೊರಡುವ ದಿನ ಒಬ್ಬ ಸಿಸ್ಟರ್ ಅತ್ತೆಯ ಕೈಗೆ ಪುಟ್ಟ ಶಿಲುಬೆಯೊಂದನ್ನು ಇಟ್ಟರು. ನಾವು ಲಿಂಗಾಯತರು, ಅತ್ತೆ ಇಷ್ಟಲಿಂಗ ಧರಿಸುವವರು. ಆ ಶಿಲುಬೆಯನ್ನು ಏನು ಮಾಡಬೇಕು? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ದರ್ಜೆಯ ವಿಷಯ ಮೊದಲು ಮುಗಿಸಿಬಿಡೋಣ. ಶಿಲುಬೆ ದೊಡ್ಡದೋ ಚಿಕ್ಕದೋ, ಬೆಳ್ಳಿಯದೋ ಸ್ಟೀಲಿನದೋ, ಮೂರ್ತಿ ಇದೆಯೋ ಇಲ್ಲವೋ, ಇದಾವುದೂ ಸಿಸ್ಟರ್‌ಗಳ ನಡುವೆ ಮೇಲುಕೀಳನ್ನು ಹೇಳುವುದಿಲ್ಲ. ಎದೆಯ ಮೇಲಿನ ದೊಡ್ಡ ಶಿಲುಬೆ ಪದವಿಯ ಗುರುತಾಗುವುದು ಬಿಷಪ್ಪರಲ್ಲಿ; ಹಳೆಯ ಸಂಪ್ರದಾಯದ ಕೆಲವು ಮಠಗಳ ಮುಖ್ಯಸ್ಥೆಯರಲ್ಲೂ ಉಂಟು. ಆಸ್ಪತ್ರೆ, ಶಾಲೆಗಳಲ್ಲಿ ನೀವು ಕಾಣುವ ಸಿಸ್ಟರ್‌ಗಳಲ್ಲಿ ಹಾಗಿಲ್ಲ. ಇಡೀ ಸಭೆಗೆ (ಒಂದೇ ನಿಯಮದಡಿ ಬಾಳುವ ಸಿಸ್ಟರ್‌ಗಳ ಸಂಘಕ್ಕೆ ಸಭೆ ಎನ್ನುತ್ತಾರೆ) ಹಿರಿಯರಾದ ಮದರ್ ಜನರಲ್ ಧರಿಸುವುದೂ ಮೊನ್ನೆ ವ್ರತ ತೊಟ್ಟ ಹುಡುಗಿ ಧರಿಸುವುದೂ ಸಾಮಾನ್ಯವಾಗಿ ಒಂದೇ ಬಗೆಯ ಶಿಲುಬೆ.

ನೀವು ಕಂಡದ್ದು ಸಭೆಗಳ ವ್ಯತ್ಯಾಸ. ಹೊರಗಿನವರ ಕಣ್ಣಿಗೆ ಎಲ್ಲರೂ ‘ಸಿಸ್ಟರ್’. ಒಳಗೆ ನೋಡಿದರೆ ನೂರಾರು ಸಭೆಗಳು, ಒಂದೊಂದಕ್ಕೂ ಅದರದೇ ಸ್ಥಾಪಕರು, ನಿಯಮ, ಉಡುಪು. ಮಂಗಳೂರನ್ನೇ ತೆಗೆದುಕೊಳ್ಳಿ. ಫ್ರಾನ್ಸಿನ ಬಯೋನ್‌ನಲ್ಲಿ 1868ರಲ್ಲಿ ಶುರುವಾದ ಅಪೋಸ್ತಲಿಕ್ ಕಾರ್ಮೆಲ್ ಸಭೆ 1870ರಲ್ಲಿ ಅಲ್ಲಿಗೆ ಬಂತು. ಉರ್ಸುಲೈನ್ ಫ್ರಾನ್ಸಿಸ್ಕನ್ ಸಭೆ 1887ರಲ್ಲಿ, ಬೆಥನಿ ಸಭೆ 1921ರಲ್ಲಿ ಅದೇ ಊರಲ್ಲಿ ಹುಟ್ಟಿದವು. ಸಿಸ್ಟರ್ ಹೆಸರಿನ ಕೊನೆಗೆ ಎ.ಸಿ., ಯು.ಎಫ್.ಎಸ್., ಬಿ.ಎಸ್. ಎಂದು ಅಕ್ಷರಗಳಿರುತ್ತವಲ್ಲ, ಅವು ಓದಿ ಪಡೆದ ಡಿಗ್ರಿಗಳಲ್ಲ, ಸಭೆಯ ಗುರುತು. (ಬಿ.ಎಸ್. ಎಂದರೆ ವಿಜ್ಞಾನದ ಪದವಿ ಎಂದುಕೊಂಡವರು ನನಗೆ ಬೇಕಾದಷ್ಟು ಸಿಕ್ಕಿದ್ದಾರೆ.) ಹೆಸರಿನ ಕೊನೆಯ ಆ ಅಕ್ಷರಗಳು ಮಾಡುವ ಕೆಲಸವನ್ನೇ ಶಿಲುಬೆಯ ಆಕಾರವೂ ಅರ್ಧ ಮಾಡುತ್ತದೆ. ಉಳಿದರ್ಧ ಧರಿಸಿದವಳಿಗೆ ಸಂಬಂಧಿಸಿದ್ದು. ನನ್ನ ಮಟ್ಟಿಗೆ ಮುಖ್ಯವಾದದ್ದು ಅದೇ, ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಶಿಲುಬೆ ಈಗ ಚಿನ್ನದಂಗಡಿಯ ಗಾಜಿನೊಳಗೂ ಕೂತಿರುವುದರಿಂದ ಅದು ಮೂಲದಲ್ಲಿ ಕೊಲ್ಲುವ ಸಾಧನ ಎಂಬುದು ಮರೆತುಹೋಗುತ್ತದೆ. ರೋಮನ್ನರು ಗುಲಾಮರನ್ನೂ ದಂಗೆಯೆದ್ದವರನ್ನೂ ಊರ ಹೊರಗೆ, ದಾರಿಹೋಕರ ಕಣ್ಣೆದುರು ನೇತುಹಾಕಿ ಕೊಲ್ಲುತ್ತಿದ್ದ ಮರ ಅದು. ಶಿಲುಬೆಗೇರಿದವನನ್ನು ಸಾರುತ್ತೇವೆ ಎಂದರೆ ಯೆಹೂದ್ಯರು ಮುಗ್ಗರಿಸುತ್ತಾರೆ, ಅನ್ಯರಿಗೆ ಅದು ಹುಚ್ಚುಮಾತಾಗಿ ಕೇಳಿಸುತ್ತದೆ ಎಂದು ಸಂತ ಪೌಲನೇ ಬರೆದಿದ್ದಾನೆ. ಮೊದಲ ಶತಮಾನಗಳ ಕ್ರೈಸ್ತರು ಆ ದೃಶ್ಯವನ್ನು ಚಿತ್ರಿಸುವ ಗೋಜಿಗೆ ಹೆಚ್ಚಾಗಿ ಹೋಗಲಿಲ್ಲ. ರೋಮಿನ ಸಾಂತಾ ಸಬೀನಾ ಚರ್ಚಿನ ಮರದ ಬಾಗಿಲಲ್ಲಿ, ಸುಮಾರು 430ರ ಹೊತ್ತಿಗೆ ಕೆತ್ತಿದ್ದು, ನಮಗೆ ಉಳಿದಿರುವ ಅತಿ ಹಳೆಯ ಶಿಲುಬೆ ದೃಶ್ಯಗಳಲ್ಲೊಂದು. ಅದರಲ್ಲಿ ಕೂಡ ಯೇಸು ಕೈಚಾಚಿ ನಿಂತಂತಿದ್ದಾನೆ. ಹಿಂದೆ ಮರ ಇದೆಯೋ ಇಲ್ಲವೋ ಎಂಬಷ್ಟು ಸಂಕೋಚ ಕಲಾವಿದನಿಗೆ. ಕಣ್ಣು ಮುಚ್ಚಿದ, ತಲೆ ವಾಲಿದ, ಸತ್ತ ಯೇಸುವಿನ ದೊಡ್ಡ ಮೂರ್ತಿ ಬಂದದ್ದು ಇನ್ನೂ ಐನೂರು ವರ್ಷ ಕಳೆದ ಮೇಲೆ. ಜರ್ಮನಿಯ ಕೊಲೋನ್ ಕ್ಯಾಥೆಡ್ರಲ್‌ನಲ್ಲಿರುವ ಹತ್ತನೆಯ ಶತಮಾನದ ಗೇರೋ ಶಿಲುಬೆ ಅದಕ್ಕೆ ಒಳ್ಳೆಯ ಉದಾಹರಣೆ.

ಈಗ ನಿಮ್ಮ ಅತ್ತೆಗೆ ಕೊಟ್ಟ ಶಿಲುಬೆಯನ್ನು ಬೆಳಕಿಗೆ ಹಿಡಿದು ನೋಡಿ. ಮೂರ್ತಿ ಇದ್ದರೆ ತಲೆಯ ಮೇಲ್ಗಡೆ ಸಣ್ಣ ಪಟ್ಟಿಯೊಂದಿದ್ದು, ಅದರಲ್ಲಿ ನಾಲ್ಕು ರೋಮನ್ ಅಕ್ಷರಗಳಿರುತ್ತವೆ: ಐ, ಎನ್, ಆರ್, ಐ. ‘ನಜರೇತಿನ ಯೇಸು, ಯೆಹೂದ್ಯರ ಅರಸ’ ಎಂಬುದರ ಲ್ಯಾಟಿನ್ ಮೊದಲಕ್ಷರಗಳು. ಮರಣದಂಡನೆ ವಿಧಿಸಿದ ರೋಮನ್ ಅಧಿಪತಿ ಪಿಲಾತ ಬರೆಸಿ ಹಾಕಿಸಿದ ಅಪರಾಧಪಟ್ಟಿ ಅದು. ಹೀಬ್ರೂ, ಲ್ಯಾಟಿನ್, ಗ್ರೀಕ್ ಮೂರರಲ್ಲೂ ಬರೆದಿತ್ತು ಎನ್ನುತ್ತದೆ ಯೊವಾನ್ನನ ಶುಭಸಂದೇಶ. ಕಾಲುಗಳನ್ನು ನೋಡಿ: ಒಂದರ ಮೇಲೊಂದು ಇಟ್ಟು ಒಂದೇ ಮೊಳೆ ಹೊಡೆದಿದ್ದರೆ ಒಟ್ಟು ಮೂರು ಮೊಳೆ. ಹದಿಮೂರನೆಯ ಶತಮಾನದಿಂದೀಚೆಗೆ ಪಶ್ಚಿಮ ಯುರೋಪಿನಲ್ಲಿ ಗಟ್ಟಿಯಾದ ರೂಢಿ ಇದು. ಅದಕ್ಕೂ ಮೊದಲಿನವುಗಳಲ್ಲಿ ಕಾಲುಗಳು ಬೇರೆಬೇರೆ, ಮೊಳೆ ನಾಲ್ಕು. ಹಳೆಯ ಕಾಲದ ಶಿಲುಬೆಯಾದರೆ ಪಾದದ ಕೆಳಗೆ ತಲೆಬುರುಡೆಯೂ ಅಡ್ಡ ಎಲುಬುಗಳೂ ಇರಬಹುದು. ನೋಡಿ ಹೆದರುವವರಿದ್ದಾರೆ. ಯೇಸುವನ್ನು ಕೊಂದ ಗೊಲ್ಗೊಥಾ ಗುಡ್ಡದಲ್ಲೇ ಆದಿಮಾನವ ಆದಾಮನನ್ನು ಹೂಳಿತ್ತು ಎಂಬ ಹಳೆಯ ನಂಬಿಕೆಯಿಂದ ಬಂದ ಬುರುಡೆ ಅದು, ಮಾಟಮಂತ್ರದ್ದಲ್ಲ.

ಹಾಗಾದರೆ ಮೂರ್ತಿ ಇಲ್ಲದ ಶಿಲುಬೆ? ಸಾಮಾನ್ಯವಾಗಿ ಸಿಗುವ ಉತ್ತರ ಹೀಗಿರುತ್ತದೆ: ಮೂರ್ತಿ ಇದ್ದರೆ ಯೇಸು ಸತ್ತ ಶುಭ ಶುಕ್ರವಾರ, ಬರಿದಾಗಿದ್ದರೆ ಮರಳಿ ಎದ್ದ ಈಸ್ಟರ್ ಭಾನುವಾರ, ಮೊದಲನೆಯದು ಕ್ಯಾಥೊಲಿಕರದು, ಎರಡನೆಯದು ಪ್ರೊಟೆಸ್ಟೆಂಟರದು. ಚರ್ಚುಗಳ ಗೋಪುರ ನೋಡಿ ಹೇಳುವುದಾದರೆ ಈ ಉತ್ತರ ಅರ್ಧ ನಿಜ. ಸಿಸ್ಟರ್‌ಗಳ ವಿಷಯಕ್ಕೆ ಬಂದರೆ ಸಾಲದು.

ಕಾರ್ಮೆಲ್ ಪರಂಪರೆಯ ಮಠಗಳಲ್ಲಿ ಒಂದು ಹಳೆಯ ಪದ್ಧತಿಯಿದೆ. ಹೊರಗೆ ಬಾರದೆ ಪ್ರಾರ್ಥನೆಯಲ್ಲೇ ಬಾಳುವ ಈ ಸನ್ಯಾಸಿನಿಯರ ಒಂದೊಂದು ಕೋಣೆಯ ಗೋಡೆಗೂ ಮರದ ಶಿಲುಬೆಯೊಂದನ್ನು ತೂಗುಹಾಕಿರುತ್ತಾರೆ. ಮೂರ್ತಿ ಇಲ್ಲ, ಅಲಂಕಾರ ಇಲ್ಲ, ಎರಡು ಹಲಗೆ ಅಷ್ಟೆ. ಆ ಜಾಗ ಖಾಲಿ ಬಿಟ್ಟಿರುವುದು ಕೋಣೆಯಲ್ಲಿ ಇರುವವಳಿಗಾಗಿ. ದಿನವೂ ಕಣ್ಣೆದುರಿಗಿರುವ ಆ ಮರದಲ್ಲಿ ಕಾಣೆಯಾಗಿರುವ ದೇಹ ತನ್ನದು, ಯೇಸುವಿನ ನೋವಿನಲ್ಲಿ ತಾನೂ ಪಾಲುಗಾರ್ತಿ ಎಂದು ಆಕೆ ಧ್ಯಾನಿಸುತ್ತಾಳೆ. ಇದಕ್ಕೆ ಮಂಗಳೂರಿನದೇ ಒಂದು ನಂಟಿದೆ. 1870ರಲ್ಲಿ ಫ್ರಾನ್ಸಿನ ಪೋ ಊರಿನಿಂದ ಹೊರಟು ಹಡಗಿನಲ್ಲಿ ಮಂಗಳೂರಿಗೆ ಬಂದು ಕಾರ್ಮೆಲ್ ಮಠ ಕಟ್ಟಿದವರ ಗುಂಪಿನಲ್ಲಿ ಗಲಿಲಾಯದ ಇಬಿಲ್ಲಿನ್ ಎಂಬ ಹಳ್ಳಿಯ ಮರಿಯಂ ಬವಾರ್ದಿ ಇದ್ದಳು. ಪ್ರಯಾಣದಲ್ಲಿ ಜೊತೆಗಾತಿಯರು ಕೆಲವರು ತೀರಿಕೊಂಡರು. ಮರಿಯಂ 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ವ್ರತ ಸ್ವೀಕರಿಸಿದಳು. ಮಠದಲ್ಲಿ ಅವಳಿಗಿದ್ದ ಹೆಸರು ‘ಶಿಲುಬೆಗೇರಿದ ಯೇಸುವಿನ ಮರಿಯ’. 1872ರಲ್ಲಿ ಫ್ರಾನ್ಸಿಗೆ ಮರಳಿ, ಆಮೇಲೆ ಬೆತ್ಲೆಹೇಮಿನಲ್ಲಿ ಮಠ ಕಟ್ಟಲು ಹೋಗಿ, 1878ರಲ್ಲಿ ಅಲ್ಲೇ ತೀರಿಕೊಂಡಳು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವಳನ್ನು ಸಂತಳೆಂದು ಘೋಷಿಸಿದರು. ಖಾಲಿ ಶಿಲುಬೆಯ ಅರ್ಥ ತಿಳಿಯಬೇಕೆಂದರೆ ಆ ಹೆಸರು ಸಾಕು. ಆಭರಣವಾಗಿ ಧರಿಸುವವರು ಅಂಥ ಹೆಸರು ಇಟ್ಟುಕೊಳ್ಳುವುದಿಲ್ಲ.

ಖಾಲಿ ಶಿಲುಬೆಗೆ ಮತ್ತೊಂದು ಮೂಲ ನಮ್ಮ ದಕ್ಷಿಣದ್ದೇ. ಚೆನ್ನೈನ ಸಂತ ತೋಮಸರ ಬೆಟ್ಟದಲ್ಲಿ 1547ರಲ್ಲಿ ಸಿಕ್ಕ ಕಲ್ಲಿನ ಶಿಲುಬೆಯಲ್ಲಿ ಮೂರ್ತಿ ಇಲ್ಲ. ತುದಿಗಳು ಮೊಗ್ಗಿನಂತೆ ಅರಳಿವೆ, ಮೇಲೆ ಪಾರಿವಾಳ ಇಳಿಯುತ್ತಿದೆ, ಸುತ್ತ ಹಳೆಯ ಪರ್ಷಿಯಾದ ಪಹ್ಲವಿ ಲಿಪಿಯ ಬರಹ. ಕೇರಳ ಮೂಲದ ಸಿರೋ ಮಲಬಾರ್ ಕ್ಯಾಥೊಲಿಕರಿಗೆ ಬಲು ಪ್ರಿಯವಾದ ಆಕಾರ ಇದು. ಬೆಳ್ತಂಗಡಿ, ಭದ್ರಾವತಿ, ಮಂಡ್ಯಗಳಲ್ಲಿ ಅವರ ಧರ್ಮಪ್ರಾಂತ್ಯಗಳು, ಎಂದರೆ ಬಿಷಪ್ಪರ ಆಡಳಿತದ ವಲಯಗಳು, ಇರುವುದರಿಂದ ಕನ್ನಡ ನಾಡಿನಲ್ಲೂ ಕಣ್ಣಿಗೆ ಬೀಳುತ್ತದೆ. ಅಲ್ಲಿ ಖಾಲಿ ಇರುವುದು ನಿಜವಾಗಿ ಪುನರುತ್ಥಾನದ ಅರ್ಥದಲ್ಲಿ.

ಮೂರ್ತಿಯಿದ್ದೂ ಸಾವು ಇಲ್ಲದ ಶಿಲುಬೆಯೂ ಉಂಟು. ಅಸ್ಸಿಸಿಯ ಸಂತ ಫ್ರಾನ್ಸಿಸ್ ಪ್ರಾರ್ಥಿಸುತ್ತಿದ್ದ ಸಾನ್ ದಮಿಯಾನೋ ಶಿಲುಬೆ ಹನ್ನೆರಡನೆಯ ಶತಮಾನದ್ದು, ಮರದ ಮೇಲೆ ಬರೆದ ಚಿತ್ರ. ಯೇಸುವಿನ ಕಣ್ಣು ಅಗಲವಾಗಿ ತೆರೆದಿದೆ, ಮುಳ್ಳಿನ ಕಿರೀಟವಿಲ್ಲ, ತೂಗುಬಿದ್ದ ಹಾಗಿಲ್ಲದೆ ನಿಂತ ಹಾಗಿದೆ. ಅಕ್ಕಪಕ್ಕದಲ್ಲಿ ಮರಿಯ, ಯೊವಾನ್ನ ಮೊದಲಾದವರು ಗುಂಪಾಗಿ ನಿಂತಿದ್ದಾರೆ. ಈಗ ಅದು ಅಸ್ಸಿಸಿಯ ಸಂತ ಕ್ಲಾರಾ ಬೆಸಿಲಿಕಾದಲ್ಲಿದೆ. ಫ್ರಾನ್ಸಿಸ್ಕನ್ ಪರಂಪರೆಯ ಕೆಲವರು ಇದರ ಚಿಕ್ಕ ಪ್ರತಿಯನ್ನು ಧರಿಸುತ್ತಾರೆ. ಇನ್ನು ಕೆಲವರು ಇಂಗ್ಲಿಷಿನ ‘ಟಿ’ ಆಕಾರದ ಮರದ ತುಂಡನ್ನು ದಾರಕ್ಕೆ ಕಟ್ಟಿಕೊಳ್ಳುತ್ತಾರೆ. ಅದು ಹೀಬ್ರೂ ವರ್ಣಮಾಲೆಯ ಕೊನೆಯ ಅಕ್ಷರ ‘ತಾವ್’. ಎಜೆಕಿಯೇಲ ಪ್ರವಾದಿಯ ಗ್ರಂಥದಲ್ಲಿ ಉಳಿಯಬೇಕಾದವರ ಹಣೆಗೆ ಹಾಕುವ ಗುರುತು ಅದೇ, ಫ್ರಾನ್ಸಿಸ್ ತನ್ನ ಸಹಿಯ ಜಾಗದಲ್ಲಿ ಬಳಸುತ್ತಿದ್ದದ್ದೂ ಅದೇ. ಸೊಂಟದ ಹಗ್ಗದಲ್ಲಿ ಮೂರು ಗಂಟು ಕಂಡರೆ ಅವು ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳು.

ಕೊರಳಲ್ಲೇ ಇರಬೇಕೆಂದೂ ಇಲ್ಲ. ಸ್ವೀಡನ್ನಿನ ಸಂತ ಬ್ರಿಜಿಟ್ ಸ್ಥಾಪಿಸಿದ ಸಭೆಯವರು ಕಪ್ಪು ಮುಸುಕಿನ ಮೇಲೆ ಬಿಳಿ ಬಟ್ಟೆಯ ಪಟ್ಟಿಗಳ ಕಿರೀಟ ಧರಿಸುತ್ತಾರೆ. ಪಟ್ಟಿಗಳು ತಲೆಯ ಮೇಲೆ ಶಿಲುಬೆಯಾಗಿ ಕೂಡುತ್ತವೆ, ಅದರಲ್ಲಿ ಐದು ಕೆಂಪು ಬೊಟ್ಟು, ಯೇಸುವಿನ ಐದು ಗಾಯಗಳು. ಬೆಂಗಳೂರಿನಲ್ಲಿ 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ಶುರುಮಾಡಿದ ಗುಡ್ ಶೆಫರ್ಡ್ ಸಭೆಯ ಪಾರಂಪರಿಕ ಗುರುತಂತೂ ಶಿಲುಬೆಯೇ ಅಲ್ಲ: ಬೆಳ್ಳಿಯ ಹೃದಯ, ಒಂದು ಮುಖದಲ್ಲಿ ಕುರುಬನಾಗಿ ಯೇಸು, ಇನ್ನೊಂದರಲ್ಲಿ ಮಗುವನ್ನೆತ್ತಿದ ಮರಿಯ.

ಮದರ್ ತೆರೇಸಾ ಸಿಸ್ಟರ್‌ಗಳ ಪಿನ್ನಿಗೆ ಬರೋಣ. ಲೊರೆಟೊ ಸಭೆಯಲ್ಲಿ ಟೀಚರಾಗಿದ್ದ ತೆರೇಸಾ 1948ರ ಆಗಸ್ಟ್‌ನಲ್ಲಿ ಆ ಕಾನ್ವೆಂಟ್ ಬಿಟ್ಟು ಹೊರಬಂದಾಗ ಉಟ್ಟದ್ದು ನೀಲಿ ಅಂಚಿನ ಬಿಳಿ ಹತ್ತಿ ಸೀರೆ. ಎಡ ಹೆಗಲಿಗೆ ಪುಟ್ಟ ಶಿಲುಬೆ, ಮೂರ್ತಿ ಸಹಿತ. 1950ರ ಅಕ್ಟೋಬರ್ 7ರಂದು ಕೋಲ್ಕತ್ತದಲ್ಲಿ ಅವರ ಸಭೆಗೆ ಅಧಿಕೃತ ಮನ್ನಣೆ ಸಿಕ್ಕ ಮೇಲೂ ಆ ಉಡುಪು ಬದಲಾಗಲಿಲ್ಲ. ಸೀರೆಗಳನ್ನು ಕೋಲ್ಕತ್ತದ ಬಳಿಯ ಟೀಟಾಗಢದಲ್ಲಿ ಕುಷ್ಠರೋಗದಿಂದ ಬಳಲಿದವರು ನೇಯುತ್ತಾರೆ. ಸರಪಳಿಯ ಬದಲು ಪಿನ್ನು ಯಾಕೆ ಎನ್ನುವುದಕ್ಕೆ ಕೆಲಸವೇ ಉತ್ತರ ಕೊಡುತ್ತದೆ: ಬಾಗಿ ಗಾಯ ತೊಳೆಯುವಾಗ, ಕೈಲಾಗದವರನ್ನು ಎತ್ತುವಾಗ ಕೊರಳಿನ ಸರ ಮುಂದೆ ತೂಗಾಡುತ್ತದೆ, ಪಿನ್ನು ಹಾಕಿದ್ದು ಅಲ್ಲಾಡುವುದಿಲ್ಲ. ಎಡಗಡೆ ಎಂದರೆ ಹೃದಯದ ಕಡೆ. ಅದರ ಅರ್ಥ ಪೂರ್ತಿಯಾಗುವುದು ಅವರ ಪ್ರಾರ್ಥನಾಲಯಕ್ಕೆ ಹೋದಾಗ. ಜಗತ್ತಿನ ಯಾವ ಊರಿನ ಮನೆಯಾದರೂ ಸರಿ, ಗೋಡೆಯ ಶಿಲುಬೆಯ ಪಕ್ಕದಲ್ಲಿ ಎರಡೇ ಇಂಗ್ಲಿಷ್ ಪದ ಬರೆದಿರುತ್ತದೆ, ‘ನನಗೆ ದಾಹವಾಗಿದೆ’ ಎಂಬ ಅರ್ಥದ್ದು. ಯೇಸು ಶಿಲುಬೆಯ ಮೇಲೆ ಆಡಿದ ಮಾತು. ಎಲ್ಲ ಸಭೆಗಳ ಮೂರು ವ್ರತಗಳ ಜೊತೆಗೆ ಅವರಿಗೆ ನಾಲ್ಕನೆಯದೊಂದಿದೆ: ಬಡವರಲ್ಲಿ ಬಡವರಾದವರಿಗೆ ಮನಃಪೂರ್ವಕವಾಗಿ, ಉಚಿತವಾಗಿ ಸೇವೆ ಮಾಡುವುದು. ದಾಹ ಎಂದವನಿಗೆ ನೀರು ಕೊಡುವ ಕೆಲಸ ಅದು. ಹೀಗಾಗಿ ಅವರ ಶಿಲುಬೆಯಲ್ಲಿ ಮೂರ್ತಿ ಇರಲೇಬೇಕಿತ್ತು. ಖಾಲಿ ಮರಕ್ಕೆ ಬಾಯಾರುವುದಿಲ್ಲ.

ತಾಳಿಯ ಮಾತು. ನಿಮ್ಮತ್ತೆ ಹೇಳಿದ್ದರಲ್ಲಿ ಹುರುಳಿದೆ, ಆದರೆ ಅದು ಹೊಂದುವುದು ಉಂಗುರಕ್ಕೆ. ಸಿಸ್ಟರ್ ಆಗುವುದು ಒಂದೇ ದಿನದ ಕೆಲಸವಲ್ಲ. ಮೊದಲಿನ ತರಬೇತಿಗಳಾದ ಮೇಲೆ ಕನಿಷ್ಠ ಒಂದು ವರ್ಷ ನೊವಿಶಿಯೇಟ್ ಎಂಬ ಪರೀಕ್ಷಾಕಾಲ, ಅದು ಮುಗಿದರೆ ಮೊದಲ ವ್ರತ. ಅದು ಅವಧಿಯ ವ್ರತ, ಸಾಮಾನ್ಯವಾಗಿ ಮೂರರಿಂದ ಆರು ವರ್ಷ. ಬೇಡವೆನಿಸಿದರೆ ಅವಧಿ ಮುಗಿದಾಗ ಮನೆಗೆ ಹೋಗಬಹುದು, ಸಭೆಯೂ ಬೇಡ ಎನ್ನಬಹುದು. ಅದನ್ನೂ ದಾಟಿದವರಿಗೆ ಜೀವಮಾನದ ವ್ರತ. ಅಂದು ಬಲಿಪೂಜೆಯ (ಕ್ಯಾಥೊಲಿಕರ ಮುಖ್ಯ ಆರಾಧನೆಯ) ನಡುವೆ ಆಕೆ ಪೀಠದ ಮುಂದೆ ನೆಲಕ್ಕೆ ಬೋರಲಾಗಿ ಮಲಗುತ್ತಾಳೆ, ಸೇರಿದವರೆಲ್ಲ ಸಂತರ ಪ್ರಾರ್ಥನಾಮಾಲೆ ಹಾಡುತ್ತಾರೆ. ಎದ್ದು ವ್ರತವಾಕ್ಯ ಓದಿ ಸಹಿ ಹಾಕುತ್ತಾಳೆ. 1970ರಲ್ಲಿ ಪರಿಷ್ಕರಿಸಿದ ವಿಧಿಯಂತೆ ಬೆರಳಿಗೆ ಉಂಗುರ ತೊಡಿಸುವುದು ಈ ಸಂದರ್ಭದಲ್ಲೇ, ಕ್ರಿಸ್ತನ ವಧು ಎಂಬ ಅರ್ಥದಲ್ಲಿ. ಶಿಲುಬೆಯನ್ನು ಕೆಲವು ಸಭೆಗಳು ಮೊದಲ ವ್ರತಕ್ಕೇ ಕೊಡುತ್ತವೆ, ಕೆಲವು ಜೀವಮಾನದ ವ್ರತಕ್ಕೆ. ನೀವು ಕಂಡ ‘ಉಂಗುರ ಮಾತ್ರ’ದ ಸಿಸ್ಟರ್ ಹೆಚ್ಚುಕಡಿಮೆ ಖಂಡಿತ ಜೀವಮಾನದ ವ್ರತ ಸ್ವೀಕರಿಸಿದವರು. ದರ್ಜೆಯಲ್ಲಿ ಕಡಿಮೆಯವರು ಎಂದುಕೊಂಡಿದ್ದರೆ ಅದನ್ನು ಬಿಟ್ಟುಬಿಡಿ.

ಶಿಲುಬೆಗೆ ಹತ್ತಿರದ ಹೋಲಿಕೆ ನಿಮ್ಮ ಮನೆಯಲ್ಲೇ ಇದೆ. ಇಷ್ಟಲಿಂಗವನ್ನು ಯಾರೂ ಅಂಗಡಿಯಿಂದ ತಂದು ತಾವೇ ಕಟ್ಟಿಕೊಂಡು ಆಯಿತು ಎನ್ನುವುದಿಲ್ಲ. ದೀಕ್ಷೆಯಲ್ಲಿ ಗುರು ಅಂಗೈಗೆ ಕೊಡಬೇಕು, ಅಲ್ಲಿಂದ ಅದು ಮೈಬಿಟ್ಟು ಇರುವುದಿಲ್ಲ. ಸಿಸ್ಟರ್‌ಗೂ ಶಿಲುಬೆ ವಿಧಿಯೊಳಗೆ ಇನ್ನೊಬ್ಬರ ಕೈಯಿಂದ ಬರುತ್ತದೆ. ಬೆಳಿಗ್ಗೆ ಉಡುಪು ಧರಿಸುವಾಗ ಅದಕ್ಕೆ ಮುತ್ತಿಟ್ಟು ಕಿರುಪ್ರಾರ್ಥನೆ ಹೇಳಿ ಹಾಕಿಕೊಳ್ಳುವ ವಾಡಿಕೆ ಹಲವು ಸಭೆಗಳಲ್ಲಿದೆ. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಇಷ್ಟಲಿಂಗ ಪೂಜೆಗೊಳ್ಳುವ ಲಿಂಗ. ಶಿಲುಬೆಗೆ ಸಲ್ಲುವ ಗೌರವ ಆ ವಸ್ತುವಿನಲ್ಲಿ ನಿಲ್ಲದೆ ಅದು ತೋರಿಸುವ ಕ್ರಿಸ್ತನಿಗೆ ಹೋಗುತ್ತದೆ ಎಂಬುದು 787ರಲ್ಲಿ ಬಿಷಪ್ಪರು ಸೇರಿದ ಎರಡನೆಯ ನೈಸಿಯಾ ಮಹಾಸಭೆಯಿಂದ ಸ್ಥಿರವಾದ ನಿಲುವು. ಇನ್ನೊಂದು ವ್ಯತ್ಯಾಸ ನನಗೆ ಇನ್ನೂ ಕುತೂಹಲದ್ದು. ಇಷ್ಟಲಿಂಗ ಧರಿಸಿದವರದೇ, ಅವರೊಂದಿಗೇ ಮಣ್ಣಿಗೆ ಹೋಗುತ್ತದೆ. ಬಡತನದ ವ್ರತ ಹೊತ್ತ ಸಿಸ್ಟರ್‌ಗೆ ಸ್ವಂತದ್ದೆಂಬುದೇ ಕಡಿಮೆ. ದುಡಿದ ಸಂಬಳ ಕೂಡ ಸಭೆಗೆ ಸೇರುತ್ತದೆ, ಇಡೀ ಕ್ಯಾಥೊಲಿಕ್ ಧರ್ಮಸಭೆಯ ಕಾನೂನೇ ಹಾಗಿದೆ. ಅಷ್ಟು ಆಪ್ತವಾದ ಶಿಲುಬೆಯನ್ನೂ ಮನಸ್ಸು ಬಂದ ಹಾಗೆ ಮಾರುವ, ಕೊಟ್ಟುಬಿಡುವ, ಬದಲಾಯಿಸುವ ಹಕ್ಕು ಆಕೆಗಿಲ್ಲ. ಚಿನ್ನದ ಶಿಲುಬೆ ನಿಮಗೆ ಕಾಣದಿರುವುದಕ್ಕೂ ಕಾರಣ ಇದೇ ವ್ರತ. ಧರ್ಮಸಭೆಯ 1983ರ ಕಾನೂನುಸಂಹಿತೆ ಸಿಸ್ಟರ್‌ಗಳ ಉಡುಪನ್ನು ‘ಸಮರ್ಪಣೆಯ ಗುರುತು, ಬಡತನದ ಸಾಕ್ಷಿ’ ಎಂಬರ್ಥದಲ್ಲೇ ವಿವರಿಸುತ್ತದೆ.

ಈ ಚಿಕ್ಕ ಲೋಹದ ತುಂಡಿನ ಮೇಲೆ ಇಷ್ಟು ಭಾರ ಬಿದ್ದದ್ದು ಇತ್ತೀಚೆಗೆ. ಅರವತ್ತು ವರ್ಷದ ಹಿಂದಿನ ಫೋಟೊಗಳಲ್ಲಿ ಸಿಸ್ಟರ್ ಎಂದರೆ ಪಾದದವರೆಗಿನ ನಿಲುವಂಗಿ, ಗಂಜಿ ಹಾಕಿದ ಬಿಳಿ ಕೊರಳಪಟ್ಟಿ, ಮುಸುಕು; ಶಿಲುಬೆ ಎಲ್ಲೋ ಸೊಂಟದ ಜಪಸರದ ತುದಿಯಲ್ಲಿ ತೂಗುತ್ತಿತ್ತು. ದೂರದಿಂದಲೇ ಉಡುಪು ಎಲ್ಲವನ್ನೂ ಹೇಳುತ್ತಿದ್ದುದರಿಂದ ಶಿಲುಬೆ ಹೇಳಬೇಕಾದ್ದು ಹೆಚ್ಚಿರಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್‌ನಲ್ಲಿ ಉಡುಪು ಸರಳವಾಗಿರಲಿ, ಆರೋಗ್ಯಕ್ಕೆ ಒಗ್ಗಲಿ, ಕಾಲ, ದೇಶ, ಕೆಲಸಕ್ಕೆ ಹೊಂದಲಿ ಎಂದಿತು. ಯುರೋಪು, ಅಮೆರಿಕದ ಅನೇಕರು ಸಾಮಾನ್ಯ ಬಟ್ಟೆಗೆ ಬಂದರು, ಕೋಟಿನ ಅಂಚಿಗೊಂದು ಪುಟ್ಟ ಶಿಲುಬೆ ಉಳಿಯಿತು. ಇಲ್ಲಿ ಹಲವು ಸಭೆಗಳು ಸೀರೆಗೆ ಬಂದವು, ಈಗ ಕೆಲವರು ಚೂಡಿದಾರಕ್ಕೂ ಬಂದಿದ್ದಾರೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಸಾದಾ ಸೀರೆಯ ಹೆಂಗಸು ಟೀಚರೋ ಸಿಸ್ಟರೋ ಎಂದು ಹೇಳುವುದಕ್ಕೆ ಉಳಿದ ಒಂದೇ ಗುರುತು ಶಿಲುಬೆ. ಹಳೆಯ ಉಡುಪಿನ ಗಾಂಭೀರ್ಯ ಹೋಯಿತೆಂದು ಮರುಗುವ ಹಿರಿಯರಿದ್ದಾರೆ. ನನಗೇನೋ ಈ ಬದಲಾವಣೆ ಒಳ್ಳೆಯದೇ ಆಯಿತು ಅನ್ನಿಸುತ್ತದೆ. ಕೆಲಸಕ್ಕೆ ಅಡ್ಡಬರುವ ಉಡುಪು ನಮ್ಮ ಸೆಖೆಯಲ್ಲಿ ಯಾರಿಗೂ ಬೇಡ.

ಕೊನೆಗೆ ಅತ್ತೆಯ ಕೈಯಲ್ಲಿರುವ ಶಿಲುಬೆ. ಅದು ಆ ಸಿಸ್ಟರ್ ವ್ರತದಂದು ಪಡೆದದ್ದಲ್ಲ, ಅದನ್ನು ಕೊಡುವ ಹಾಗಿಲ್ಲ ಎಂದು ಮೇಲೆ ಹೇಳಿದೆ. ಕೊಡುವುದಕ್ಕೆಂದೇ ಪುಟ್ಟ ಶಿಲುಬೆ, ಪದಕ, ಜಪಸರಗಳನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳುವ ಸಿಸ್ಟರ್‌ಗಳು ಬಹಳ ಮಂದಿ. ಗುಣವಾಗಿ ಮನೆಗೆ ಹೊರಟ ಹಿರಿಯರಿಗೆ ಪ್ರೀತಿಯಿಂದ ಕೊಟ್ಟದ್ದು, ಅಷ್ಟೆ. ಇಟ್ಟುಕೊಂಡ ಮಾತ್ರಕ್ಕೆ ಯಾರೂ ಕ್ರೈಸ್ತರಾಗುವುದಿಲ್ಲ, ಅದಕ್ಕೆ ಜ್ಞಾನಸ್ನಾನ ಬೇಕು. ಇಷ್ಟಲಿಂಗ ಧರಿಸಿದ ಕೊರಳಿಗೆ ಇದನ್ನೂ ಹಾಕಿಕೊಳ್ಳಬಹುದೇ ಎಂಬುದನ್ನು ನಿಮ್ಮ ಮನೆಯ ಹಿರಿಯರು, ಗುರುಗಳು ಹೇಳಬೇಕು, ಅದು ನನ್ನ ಮಾತಲ್ಲ. ಹಾಕಿಕೊಳ್ಳಲಿ ಎಂಬ ನಿರೀಕ್ಷೆ ಕೊಟ್ಟವರಿಗೂ ಇದ್ದಿರಲಾರದು. ಪೆಟ್ಟಿಗೆಯಲ್ಲೋ ಕಪಾಟಿನಲ್ಲೋ ಶುಚಿಯಾದ ಕಡೆ ಇಟ್ಟರೆ ಆಯಿತು. ಆಶೀರ್ವದಿಸಿದ ವಸ್ತು ಯಾರ ಮನೆಯಲ್ಲಿದ್ದರೂ ಅದನ್ನು ಗೌರವದಿಂದ ಕಾಣಬೇಕು ಎಂಬುದಷ್ಟೇ ನಿಯಮ. ಮುಂದೆಂದಾದರೂ ಮುರಿದರೆ ಕಸದ ಬುಟ್ಟಿಗೆ ಹಾಕದೆ ತುಳಿಯದ ಜಾಗದಲ್ಲಿ ಮಣ್ಣಿಗೆ ಸೇರಿಸಿ, ಕ್ಯಾಥೊಲಿಕರೂ ಹಾಗೆಯೇ ಮಾಡುತ್ತಾರೆ. ಇಟ್ಟುಕೊಳ್ಳಲು ಮನಸ್ಸಿಲ್ಲವಾದರೆ ದಾವಣಗೆರೆಯ ಯಾವುದಾದರೂ ಕ್ಯಾಥೊಲಿಕ್ ಚರ್ಚಿಗೋ ಕಾನ್ವೆಂಟಿಗೋ ಹೋಗಿ ಕೊಟ್ಟುಬನ್ನಿ, ಯಾಕೆ ಎಂದು ಯಾರೂ ಕೇಳುವುದಿಲ್ಲ.